ಯೇಟ್ಸ್ ಕವನವನ್ನು ಗಾಂಧಿ ಹತ್ಯೆಯ ಜೊತೆ ಓದಿಸುವುದು ಹೇಗೆ?

ಪ್ರಶ್ನೆ: ಮೈಸೂರಿನ ಓದುಕೂಟಕ್ಕೆ ಐರಿಶ್ ಕವಿ ಯೇಟ್ಸ್ ಬರೆದ ‘ದಿ ಸೆಕೆಂಡ್ ಕಮಿಂಗ್’ (ಅಂದರೆ ಕ್ರಿಸ್ತನ ಎರಡನೇ ಬರವು) ಇಟ್ಟುಕೊಂಡಿದ್ದೇವೆ, 1948ರ ಜನವರಿ 30ರ ಹಿನ್ನೆಲೆಯಲ್ಲಿ. ಒಂದು ಗಂಟೆ ಸಮಯ. ಎಲ್ಲಿಂದ ಶುರು?

ಉತ್ತರ 1: ದುರಂತದ ಮಾತು ಮೊದಲೇ ಬೇಡ. ತೆಗೆದರೆ ಒಂದೊಂದು ಪ್ರತಿಮೆಗೂ ಒಬ್ಬೊಬ್ಬರ ಹೆಸರು ಅಂಟಿಸುತ್ತಾರೆ, ಕವನ ಒಗಟಾಗುತ್ತದೆ. ಇರುವುದೇ 22 ಸಾಲು, ಎರಡು ಸಲ ಗಟ್ಟಿಯಾಗಿ ಓದಿಸಿ. ಮೊದಲ 8 ಸಾಲು ಕುಸಿತದ ವರದಿ. ಪತ್ರಿಕೆಯವರು ಉದ್ಧರಿಸುವುದು ಹೆಚ್ಚಾಗಿ ಇದನ್ನೇ. ಮರುಭೂಮಿಯ ಮೃಗ ಏಳುವುದು ಉಳಿದ 14ರಲ್ಲಿ, ಮುಗಿಯುವುದೋ ಪ್ರಶ್ನೆಯಲ್ಲಿ. ಅರ್ಧ ಗಂಟೆ ಅಲ್ಲೇ ಹೋಗಲಿ.

ಉತ್ತರ 2: ಬರೆದದ್ದು 1919, ಅಚ್ಚಾದದ್ದು 1920. ಹಿನ್ನೆಲೆಯಲ್ಲಿ ಮೊದಲ ಮಹಾಯುದ್ಧ, ರಷ್ಯಾದ ಕ್ರಾಂತಿ, ಐರ್ಲೆಂಡಿನ ಗಲಭೆ. ಬೋರ್ಡ್ ಮೇಲೆ ಬರೆಯದಿದ್ದರೆ ಭವಿಷ್ಯವಾಣಿ ಅಂದುಕೊಳ್ಳುತ್ತಾರೆ.

ಉತ್ತರ 1: ಸರಿ. 1948ರ ಮಾತು ಕೊನೆಯ 15 ನಿಮಿಷಕ್ಕೆ ಸಾಕು. ಕವನ ಆ ಹತ್ಯೆಗೆ ಎಲ್ಲಿ ಹೊಂದುವುದಿಲ್ಲ ಎಂದೇ ಕೇಳಿ: ಕವನದಲ್ಲಿ ಕೊಲೆಗಾರನಿಲ್ಲ, ಇಪ್ಪತ್ತು ಶತಮಾನಗಳ ಲೆಕ್ಕವಿದೆ.