ಸಹಾಯ ಬೇಕು: ನಾಯಿಯ ನಾಡಿ ಸಿಗುತ್ತಿಲ್ಲ, ಒಸಡೂ ಕಪ್ಪು

ಎಲ್ಲರಿಗೂ ನಮಸ್ಕಾರ. ನಮ್ಮ ನಾಯಿಗೆ ಈಗ 7 ವರ್ಷ. ಕಾಯಿಲೆ ಏನೂ ಇಲ್ಲ, ಆರಾಮಾಗಿದೆ. ಆದರೂ ವಾರಕ್ಕೊಮ್ಮೆ ಮನೆಯಲ್ಲೇ ನೋಡಿ ಬರೆದಿಡಲು ಶುರು ಮಾಡಿದ್ದೇನೆ. ಚೆನ್ನಾಗಿರುವಾಗಿನ ಲೆಕ್ಕ ಗೊತ್ತಿದ್ದರೆ ತಾನೇ ಹುಷಾರು ತಪ್ಪಿದಾಗ ವ್ಯತ್ಯಾಸ ತಿಳಿಯುವುದು, ಅಲ್ವಾ?

ಉಸಿರು ಎಣಿಸುವುದು ಸುಲಭ. ನಿದ್ದೆಯಲ್ಲಿದ್ದಾಗ ಎದೆ ಒಮ್ಮೆ ಏರಿ ಇಳಿದರೆ ಒಂದು. ನಿಮಿಷಕ್ಕೆ 18ರಿಂದ 22 ಬರುತ್ತಿದೆ. 30 ದಾಟದಿದ್ದರೆ ಚಿಂತೆಯಿಲ್ಲ.

ಜ್ವರ ನೋಡುವುದು ಮಾತ್ರ ದೊಡ್ಡ ನಾಟಕ. ಡಿಜಿಟಲ್ ಥರ್ಮಾಮೀಟರ್ ತುದಿಗೆ ವ್ಯಾಸಲಿನ್ ಸವರಿ ಬಾಲದ ಕೆಳಗೆ, ಗುದದ್ವಾರದಲ್ಲಿ ಇಡಬೇಕು. ನಾನು ಡಬ್ಬಿ ತೆಗೆದರೆ ಸಾಕು, ಅದು ಮಂಚದ ಕೆಳಗೆ! ಹೇಗೋ ಒಮ್ಮೆ ನೋಡಿದೆ, 101.8 ಡಿಗ್ರಿ ಫ್ಯಾರನ್‌ಹೀಟ್. ನಮಗಾದರೆ ಜ್ವರ, ನಾಯಿಗೆ ಅದು ಮಾಮೂಲಿ.

ನಾನು ಸಿಕ್ಕಿಬಿದ್ದಿರುವುದು ನಾಡಿಯಲ್ಲಿ. ಹಿಂಗಾಲಿನ ತೊಡೆಯ ಒಳಗಡೆ, ಮೇಲ್ಭಾಗದಲ್ಲಿ ಎರಡು ಬೆರಳು ಇಡುತ್ತೇನೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು ಅಂತ ಗೊತ್ತು. ಆದರೆ ಐದಾರು ಬಡಿತಕ್ಕೇ ತಪ್ಪಿಹೋಗುತ್ತದೆ. ನಾನು ಜಾಸ್ತಿ ಒತ್ತುತ್ತಿದ್ದೇನಾ? ನಾಯಿ ನಿಂತಿರಬೇಕಾ, ಮಲಗಿರಬೇಕಾ? ಎಡ ಎದೆಯ ಮೇಲೆ ಕೈಯಿಟ್ಟು ಎಣಿಸಿದರೆ ಸಾಕಾ?

ಇನ್ನೊಂದು, ಒಸಡು. ಗುಲಾಬಿ ಬಣ್ಣ ಇರಬೇಕು, ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ನಮ್ಮದರ ಒಸಡು ಹುಟ್ಟಿನಿಂದಲೇ ಪೂರ್ತಿ ಕಪ್ಪು! ಸದ್ಯಕ್ಕೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುತ್ತಿದ್ದೇನೆ. ಕಪ್ಪು ಒಸಡಿನ ನಾಯಿ ಸಾಕಿದವರು ನೀವೇನು ಮಾಡುತ್ತೀರಿ, ದಯವಿಟ್ಟು ಹೇಳಿ.