ಸ್ಟುಡಿಯೋ ಕೆಲಸಕ್ಕೆ ಯಾವ ಪ್ರೊಸೆಸರ್ ತಗೊಳ್ಳಲಿ? ಬಳಸಿದವರು ಹೇಳಿ

ಪ್ರಶ್ನೆ: ದಾವಣಗೆರೆಯಲ್ಲಿ ಸಣ್ಣ ಫೋಟೋ ಸ್ಟುಡಿಯೋ ಇಟ್ಟಿದ್ದೇನೆ. ಮದುವೆ ಫೋಟೋ, ಆಲ್ಬಮ್ ಡಿಸೈನ್, ಸ್ವಲ್ಪ ವಿಡಿಯೋ ಎಡಿಟಿಂಗ್. ಮಾನಿಟರ್ ಇದೆ, ಸಿಪಿಯು ಡಬ್ಬ ಒಂದೇ ಬೇಕು. ಬಜೆಟ್ 45 ಸಾವಿರ. ಅಂಗಡಿಯವರು ಹಳೇ ಐ7 (ಇಂಟೆಲ್ ಪ್ರೊಸೆಸರ್) ಕಮ್ಮಿಗೆ ಕೊಡ್ತೀವಿ ಅಂತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಸರ್, ಅದು ಯಾವ ಜನರೇಶನ್ ಅಂತ ಮೊದಲು ಕೇಳಿ. ಐ7 ಪಕ್ಕದ ನಂಬರ್ ನೋಡಿದರೆ ವಯಸ್ಸು ಗೊತ್ತಾಗುತ್ತೆ. 4770 ಅಂತಿದ್ದರೆ ನಾಲ್ಕನೇ ಜನರೇಶನ್, 2013ರ ಮಾಲು. 4 ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). 2022ರ ಐ3-12100ಗೂ ಅಷ್ಟೇ ಕೋರ್, ಅಷ್ಟೇ ಥ್ರೆಡ್, ಆದರೆ ಕೆಲಸದಲ್ಲಿ ಆ ಹಳೇ ಐ7ಗಿಂತ ಎಷ್ಟೋ ಮುಂದೆ. ಇನ್ನೊಂದು ವಿಷಯ, ವಿಂಡೋಸ್ 11 ನಾಲ್ಕನೇ ಜನರೇಶನ್ನನ್ನು ಒಪ್ಪುವುದಿಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರಿಗೆ ಮುಗಿದಿದೆ. ಗಿರಾಕಿಗಳ ಫೋಟೋ ಇರೋ ಮಷಿನ್ ಅಲ್ವಾ, ಅಪ್‌ಡೇಟ್ ಬರದಿದ್ದರೆ ಹೇಗೆ?

ನಾನೂ ಇದೇ ಕೆಲಸದವನು. ಐ5-12400 ಬಳಸುತ್ತಿದ್ದೇನೆ. 6 ಕೋರ್, 12 ಥ್ರೆಡ್. ಫೋಟೋಶಾಪ್‌ನ ಎಷ್ಟೋ ಕೆಲಸ ಒಂದೆರಡು ಕೋರ್‌ನಲ್ಲೇ ನಡೆಯುತ್ತೆ, ಅಲ್ಲಿ ಒಂದು ಕೋರಿನ ವೇಗ ಮುಖ್ಯ. ಲೈಟ್‌ರೂಮ್‌ನಲ್ಲಿ ಇಡೀ ಮದುವೆ ಎಕ್ಸ್‌ಪೋರ್ಟ್‌ಗೆ ಹಾಕಿದಾಗ ಮಾತ್ರ ಎಲ್ಲ ಕೋರೂ ದುಡಿಯುತ್ತವೆ. ನಿಮ್ಮ ಕೆಲಸಕ್ಕೆ ಆರು ಕೋರ್ ಸಾಕು. ಉಳಿದ ದುಡ್ಡು ರ್‍ಯಾಮ್‌ಗೆ, ಎನ್‌ವಿಎಂಇ ಎಸ್‌ಎಸ್‌ಡಿಗೆ (ವೇಗದ ಸ್ಟೋರೇಜ್) ಹೋಗಲಿ.

ಬಿಲ್ ಮಾಡಿಸುವಾಗ ಕೊನೆಯ ಅಕ್ಷರ ನೋಡಿ. 12400ಎಫ್ ಸ್ವಲ್ಪ ಅಗ್ಗ, ಆದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಎಫ್ ಇಲ್ಲದ್ದರಲ್ಲಿ ವಿಡಿಯೋಗೂ ಲಾಭ ಇದೆ. ಈಗಿನ ಕ್ಯಾಮೆರಾಗಳ 10 ಬಿಟ್ 4:2:2 ಎಚ್‌ಇವಿಸಿ (ಹೆಚ್ಚು ಬಣ್ಣದ ಮಾಹಿತಿಯನ್ನು ಕುಗ್ಗಿಸಿಟ್ಟ ವಿಡಿಯೋ) ಫೈಲ್ ಟೈಮ್‌ಲೈನ್‌ನಲ್ಲಿ ತಡವರಿಸುತ್ತೆ. 12400 ಒಳಗಿನ ಕ್ವಿಕ್ ಸಿಂಕ್ (ವಿಡಿಯೋಗೆಂದೇ ಇರೋ ಭಾಗ) ಅದನ್ನು ನೇರವಾಗಿ ಬಿಡಿಸಿ ಓದುತ್ತೆ.

ಇನ್ನೊಬ್ಬರು: ಮೇಲಿನವರ ಮಾತು ಸರಿ. ಆದರೆ ಮನೆಯಲ್ಲಿ ಹಳೇ ರೈಜೆನ್ (ಎಎಂಡಿ ಕಂಪನಿಯ ಪ್ರೊಸೆಸರ್) ಇದ್ದವರು ಹೊಸ ಮದರ್‌ಬೋರ್ಡ್‌ಗೆ ದುಡ್ಡು ಹಾಕಬೇಕಾಗಿಲ್ಲ. ನನ್ನದು ಬಿ450 ಬೋರ್ಡ್, ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ). ರೈಜೆನ್ 5 1600 ತೆಗೆದು 5600 ಕೂರಿಸಿದೆ. ರ್‍ಯಾಮ್, ಬೋರ್ಡ್ ಎಲ್ಲ ಹಳೆಯದೇ. ಹಳೇ ಪ್ರೊಸೆಸರ್ ಬಿಚ್ಚುವ ಮೊದಲೇ ಬಯಾಸ್ (ಬೋರ್ಡ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಹೊಸದು ಆನ್ ಆಗುವುದಿಲ್ಲ. 5600ಗೂ ಗ್ರಾಫಿಕ್ಸ್ ಕಾರ್ಡ್ ಬೇಕು. ಕಾರ್ಡ್ ಇಲ್ಲದವರಿಗೆ, ಒಳಗೇ ಗ್ರಾಫಿಕ್ಸ್ ಇರೋ 5600ಜಿ ಇದೆ.

ಹೊಸದಾಗಿ ಕಟ್ಟಿಸುವವರಿಗೆ ಎಎಂಡಿಯ ಹೊಸ ಸಾಕೆಟ್ ಎಎಂ5 ಒಳ್ಳೆಯದು. 2027ರ ಆಚೆಗೂ ಸಪೋರ್ಟ್ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. ಅದಕ್ಕೆ ಹೊಸ ತಲೆಮಾರಿನ ಡಿಡಿಆರ್5 ರ್‍ಯಾಮೇ ಆಗಬೇಕು, ಆ ಲೆಕ್ಕ ಹಾಕಿಕೊಂಡೇ ಹೋಗಿ. 12400ಗೆ ಹಳೇ ತಲೆಮಾರಿನ ಡಿಡಿಆರ್4 ಹಾಕುವ ಬೋರ್ಡ್ ಕೂಡ ಬರುತ್ತೆ.

ಮತ್ತೊಬ್ಬರು: ರ್‍ಯಾಮ್ 16 ಜಿಬಿಯ ಒಂದೇ ಸ್ಟಿಕ್ ಕೊಟ್ಟರೆ ಬೇಡ ಅನ್ನಿ, 8ರ ಎರಡು ಕೇಳಿ. ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಇದರಿಂದ ತುಂಬಾ ವ್ಯತ್ಯಾಸ ಆಗುತ್ತೆ. ನಿಮ್ಮ ಕ್ಯಾಮೆರಾ ಯಾವುದು, ವಿಡಿಯೋ ಯಾವ ಫಾರ್ಮ್ಯಾಟ್‌ನಲ್ಲಿ ತೆಗೀತೀರಿ ಅಂತ ಬರೆದರೆ ಇನ್ನೂ ಸರಿಯಾಗಿ ಹೇಳಬಹುದು.