ಸೇಂಟ್ ಕಿಲ್ಡಾದ ಡ್ಯಾಂಡಲಿಯನ್ ಬೇರೆಯೇ ಪ್ರಭೇದ ಅಂತ ಹೇಗೆ ಗೊತ್ತುಮಾಡಿದರು?

ಹಿತ್ತಿಲಗಿಡ:
ಎಲ್ಲರಿಗೂ ನಮಸ್ಕಾರ. ನನ್ನೂರು ಸಾಗರದ ಕಡೆ, ಈಗ ಇರುವುದು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ. ಏಪ್ರಿಲ್ ಬಂತೆಂದರೆ ಮನೆ ಹಿಂದಿನ ಹುಲ್ಲಲ್ಲಿ ಡ್ಯಾಂಡಲಿಯನ್ ಅನ್ನುವ ಹಳದಿ ಹೂವಿನ ಕಳೆಗಿಡ ತುಂಬಿಕೊಳ್ಳುತ್ತದೆ. ಬಾಗಿಲ ಹತ್ತಿರದ ಗಿಡದ ಎಲೆ ಗರಗಸದ ಹಾಗೆ ಕಚ್ಚುಕಚ್ಚು, ಬೇಲಿ ಬುಡದ್ದು ಅಗಲ ಎಲೆ, ದಾರಿಯಲ್ಲಿ ತುಳಿಸಿಕೊಂಡದ್ದು ಅಂಗೈಯಷ್ಟೂ ಇಲ್ಲ. ಎಲ್ಲವೂ ಒಂದೇ ಗಿಡ ಅಂದುಕೊಂಡಿದ್ದೆ. ಈಗ ನೋಡಿದರೆ, ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ದೂರ ಸಮುದ್ರದಲ್ಲಿರುವ ಸೇಂಟ್ ಕಿಲ್ಡಾ ದ್ವೀಪಗಳಲ್ಲಿ ಸಿಕ್ಕಿದ ಸಣ್ಣ ಡ್ಯಾಂಡಲಿಯನ್‌ಗೆ 2012ರಲ್ಲಿ ಟರಾಕ್ಸಕಮ್ ಪ್ಯಾಂಕ್‌ಹರ್ಸ್ಟಿಯಾನಮ್ ಅಂತ ಹೊಸ ಹೆಸರು ಕೊಟ್ಟಿದ್ದಾರಂತೆ. ಸಮುದ್ರದ ಗಾಳಿ, ಉಪ್ಪು, ಮೇಯುವ ಕುರಿ ಇರುವ ಕಡೆ ಗಿಡ ಗಿಡ್ಡವಾಗುವುದು ಸಹಜ ಅಲ್ವಾ? ಅಷ್ಟಕ್ಕೇ ಹೊಸ ಪ್ರಭೇದ ಅನ್ನಬಹುದಾ? ನನ್ನ ಹಿತ್ತಿಲಲ್ಲೂ ಹೆಸರಿಲ್ಲದ ಒಂದು ಇರಬಹುದಾ?

ಒಣಎಲೆ:
ಗಿಡ್ಡವಾಗಿದೆ ಅನ್ನುವ ಕಾರಣಕ್ಕೆ ಯಾರೂ ಹೆಸರು ಕೊಡುವುದಿಲ್ಲ. ನಿಮ್ಮ ಅನುಮಾನವೇ ಅವರಿಗೂ ಮೊದಲು ಬರಬೇಕಾದದ್ದು, ಅದಕ್ಕೇ ಬೀಜ ಬಿತ್ತಿ ನೋಡಿದ್ದು. 2010ರಲ್ಲಿ ಜಿಮ್ ಮ್ಯಾಕಿಂಟೋಷ್ ಎಂಬ ಸಸ್ಯಶಾಸ್ತ್ರಜ್ಞರು ಸೇಂಟ್ ಕಿಲ್ಡಾದ ದೊಡ್ಡ ದ್ವೀಪ ಹಿರ್ಟಾದಿಂದ ಬೀಜ ತಂದರು. ಅದನ್ನು ಎಡಿನ್‌ಬರೊದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಬೆಳೆಸಿದರು. ಅಲ್ಲಿ ದ್ವೀಪದ ಸೋಯ್ ತಳಿಯ ಕುರಿಗಳ ಕಾಟವಿಲ್ಲ, ಅಟ್ಲಾಂಟಿಕ್‌ನ ಗಾಳಿ ಇಲ್ಲ. ಗಿಡ್ಡತನ ಬರೀ ಜಾಗದ ಗುಣವಾಗಿದ್ದರೆ ತೋಟದ ಮಣ್ಣಿನಲ್ಲಿ ಅಳಿಸಿಹೋಗಬೇಕಿತ್ತು. ಅಳಿಸಿಹೋಗದೆ ಉಳಿದ ಲಕ್ಷಣವನ್ನೇ ನಂಬುವುದು. ಈ ಗಿಡದಲ್ಲಿ ಹೂಗುಚ್ಛದ ಬುಡದ ಹೊರಗಿನ ಹಸಿರು ಎಸಳುಗಳು ಗುಚ್ಛಕ್ಕೆ ಒತ್ತಿಕೊಂಡೇ ಇರುತ್ತವೆ. ನಿಮ್ಮ ಹಿತ್ತಿಲಿನ ಸಾಮಾನ್ಯ ಡ್ಯಾಂಡಲಿಯನ್‌ನಲ್ಲಿ ಅವು ಕೆಳಕ್ಕೆ ಮಡಚಿಕೊಂಡಿರುತ್ತವೆ, ನಾಳೆ ಬೆಳಿಗ್ಗೆಯೇ ಬಗ್ಗಿ ನೋಡಿ.

ಧಾರವಾಡದಲ್ಲಿ ಬಾಟನಿ ಪಾಠ ಹೇಳಿ ನಿವೃತ್ತಳಾದವಳು ನಾನು. ಮಗಳ ಮನೆ ಇಲ್ಲಿರುವುದರಿಂದ ಒಂದು ಹರ್ಬೇರಿಯಂನಲ್ಲಿ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸುವ ಕೆಲಸ ಮಾಡಿಕೊಡುತ್ತೇನೆ. ಡ್ಯಾಂಡಲಿಯನ್ ಹಾಳೆಗಳು ಬಂದ ದಿನ ನನಗೆ ಹಬ್ಬ. ಎಲೆ ತೊಟ್ಟಿನ ಬಣ್ಣ, ಎಲೆಯಂಚಿನ ಹಾಲೆಗಳು ಯಾವ ಕಡೆಗೆ ಕೊಕ್ಕೆಯಾಗಿವೆ, ಪರಾಗ ಇದೆಯೋ ಇಲ್ಲವೋ, ಬೀಜ ಹುಲ್ಲಿನ ಬಣ್ಣವೋ ಇಟ್ಟಿಗೆ ಕೆಂಪೋ, ಎಲ್ಲಕ್ಕೂ ಲೆಕ್ಕವಿದೆ. ತೊಟ್ಟಿನ ಕೆಂಪು ಒಣಗುತ್ತಾ ಮಾಸಿಬಿಡುತ್ತದೆ. ಅದಕ್ಕೇ ಕಿತ್ತ ದಿನವೇ ಒತ್ತಿಡಬೇಕು, ಬಣ್ಣವನ್ನು ಚೀಟಿಯಲ್ಲಿ ಬರೆದಿಡಬೇಕು. ಹಾಗೆ ಬರೆದಿಡದ ಹಾಳೆ ಕಂಡರೆ ಹೊಟ್ಟೆ ಉರಿಯುತ್ತದೆ.

ಇಷ್ಟು ಸೂಕ್ಷ್ಮ ವ್ಯತ್ಯಾಸಕ್ಕೆ ಬೆಲೆ ಬರುವುದು ಡ್ಯಾಂಡಲಿಯನ್ ಬೀಜ ಕಟ್ಟುವ ರೀತಿಯಿಂದ. ಬಹುಪಾಲು ಡ್ಯಾಂಡಲಿಯನ್‌ಗಳಲ್ಲಿ ವರ್ಣತಂತುಗಳ (ಕ್ರೋಮೋಸೋಮ್) ಎರಡು ಕಂತೆಯ ಬದಲು ಮೂರು ಕಂತೆ, ಅಂದರೆ ಒಟ್ಟು 24 ಇವೆ. ಗಂಡು ಹೆಣ್ಣು ಕೂಡದೆಯೇ ಬೀಜವಾಗುತ್ತದೆ, ಮರಿ ತಾಯಿಯ ಪಡಿಯಚ್ಚು, ಹಾಗಾಗಿ ಸಣ್ಣ ವ್ಯತ್ಯಾಸವೂ ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತದೆ. ಡೆನ್ಮಾರ್ಕಿನ ಸಸ್ಯಶಾಸ್ತ್ರಜ್ಞ ರೌನ್‌ಕೀರ್ ಇದನ್ನು 1903ರಲ್ಲೇ ತೋರಿಸಿದ್ದರು. ನೀವೂ ಮಾಡಬಹುದು: ಅರಳದ ಮೊಗ್ಗಿನ ಮೇಲ್ಭಾಗವನ್ನು ಬ್ಲೇಡಿನಿಂದ ಅಡ್ಡಲಾಗಿ ಕತ್ತರಿಸಿ. ಪರಾಗಕೋಶ, ಶಲಾಕಾಗ್ರ ಎರಡೂ ಹೋದವು. ಆದರೂ ಕೆಳಗಿನ ಅಂಡಾಶಯಗಳಲ್ಲಿ ಗಟ್ಟಿ ಬೀಜ ಕಟ್ಟುತ್ತದೆ. ಮೊದಲ ಸಲ ಕಂಡಾಗ ಮೈ ಜುಮ್ಮೆಂದಿತ್ತು ನನಗೆ.

ಪುತ್ತೂರು_ತೋಟ:
ಮೇಡಂ, ನಮ್ಮ ಮ್ಯಾಂಗೋಸ್ಟೀನ್‌ದೂ ಇದೇ ಕತೆಯಲ್ವಾ? ಬೀಜದಿಂದ ಎಬ್ಬಿಸಿದ ಗಿಡವೂ ತಾಯಿ ಮರದ ಹಾಗೇ ಬರ್ತದೆ. ಆದರೆ ನಾವದಕ್ಕೆ ಬೇರೆ ಬೇರೆ ಪ್ರಭೇದ ಅಂತ ಹೆಸರಿಟ್ಟಿಲ್ಲ. ಒಂದೊಂದು ವಂಶಕ್ಕೂ ಹೆಸರು ಕೊಡುತ್ತಾ ಹೋದರೆ ಕೊನೆ ಎಲ್ಲಿ?

ಒಣಎಲೆ:
ಹೌದು, ಮ್ಯಾಂಗೋಸ್ಟೀನ್ ಬೀಜವೂ ಗಂಡು ಹೆಣ್ಣು ಕೂಡದೆ ಆಗುವಂಥದ್ದೇ. ನಿಮ್ಮ ಆಕ್ಷೇಪ ಹಳೆಯದು, ತೂಕದ್ದು ಕೂಡ. ಬ್ರಿಟನ್ ಒಂದರಲ್ಲೇ ಇನ್ನೂರಕ್ಕೂ ಹೆಚ್ಚು ಡ್ಯಾಂಡಲಿಯನ್‌ಗಳಿಗೆ ಹೆಸರಿದೆ. ಎಲ್ಲವನ್ನೂ ಟರಾಕ್ಸಕಮ್ ಅಫಿಸಿನಾಲೆ ಅಂತ ಒಂದೇ ಬುಟ್ಟಿಗೆ ಹಾಕುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಅದರ ಮೇಲೆ, ಮಧ್ಯ ಯೂರೋಪಿನಲ್ಲಿ ಎರಡೇ ಕಂತೆಯ, ಪರಾಗಸ್ಪರ್ಶ ಬೇಕೇ ಬೇಕಾದ ಡ್ಯಾಂಡಲಿಯನ್‌ಗಳೂ ಇವೆ. ಅಲ್ಲಿ ಬೆರಕೆ ನಡೆಯುತ್ತಲೇ ಇರುವುದರಿಂದ ಗೆರೆ ಎಳೆಯುವುದು ಕಷ್ಟ.

ಆದರೂ ನಾನು ಹೆಸರು ಕೊಡುವವರ ಪಕ್ಷ. ಹಿರ್ಟಾದಲ್ಲಿ ಊರೇ ಇತ್ತು. 1930ರ ಆಗಸ್ಟ್ 29ರಂದು ಉಳಿದಿದ್ದ 36 ಜನ ದ್ವೀಪ ಬಿಟ್ಟು ಹೊರಟರು. ಜನ ಹೋದರು, ಈ ಗಿಡ ಅಲ್ಲೇ ಇದೆ, ಬೇರೆಲ್ಲೂ ಕಂಡಿಲ್ಲ. ಐಸ್‌ಲೆಂಡಿನಿಂದ ವೈಕಿಂಗ್‌ಗಳ ಜೊತೆ ಬಂದಿರಬಹುದು, ಹಕ್ಕಿಗಳು ತಂದಿರಬಹುದು ಎಂಬ ಊಹೆಗಳಿವೆ. ಒಂದೇ ಬುಟ್ಟಿಗೆ ಹಾಕಿಬಿಟ್ಟಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಹೆಸರಿಲ್ಲದ ಗಿಡ ಅಳಿದರೆ ಅಳಿದದ್ದೂ ಗೊತ್ತಾಗುವುದಿಲ್ಲ. ಹೆಸರಿನಲ್ಲಿರುವ ರಿಚರ್ಡ್ ಪ್ಯಾಂಕ್‌ಹರ್ಸ್ಟ್ ಎಡಿನ್‌ಬರೊ ತೋಟದಲ್ಲೇ ಕೆಲಸ ಮಾಡಿದವರು, ಗಿಡ ಗುರುತಿಸಲು ಕಂಪ್ಯೂಟರ್ ಬಳಸಿದ ಮೊದಲಿಗರಲ್ಲಿ ಒಬ್ಬರು.

ಹಿತ್ತಿಲಗಿಡ:
ಮೇಡಂ, ಬಗ್ಗಿ ನೋಡಿದೆ. ಎಲ್ಲವೂ ಕೆಳಕ್ಕೆ ಮಡಚಿಕೊಂಡಿವೆ, ಬೇಲಿ ಬುಡದ್ದು ಮಾತ್ರ ಅಡ್ಡಕ್ಕೆ ಚಾಚಿಕೊಂಡಿದೆ! ತೊಟ್ಟು ಕಡು ನೇರಳೆ. ಮುಂದೇನು ಮಾಡಲಿ?

ಒಣಎಲೆ:
ಹೊಸದು ಅನ್ನಲು ಆತುರ ಬೇಡ, ಹೆಸರಿರುವ ಇನ್ನೂರರಲ್ಲೇ ಒಂದಾಗಿರಬಹುದು. ಮೊದಲ ಹೂಬಿಡುವ ಈ ಹೊತ್ತಿನಲ್ಲೇ ಒಂದು ಇಡೀ ಗಿಡವನ್ನು ಬೇರಿನ ತಲೆ ಸಮೇತ ಎಬ್ಬಿಸಿ. ಬೇಸಿಗೆಯ ಎಲೆಗಳ ಆಕಾರ ಬದಲಾಗುತ್ತದೆ, ಅವನ್ನು ನೋಡಿ ಪರಿಣತರೂ ಹೇಳಲಾರರು. ಹೂಗುಚ್ಛವೊಂದನ್ನು ಉದ್ದಕ್ಕೆ ಸೀಳಿ ಒಳಮೈ ಕಾಣುವಂತೆ ಒತ್ತಿ. ಹಳೆಯ ಪತ್ರಿಕೆಯ ನಡುವೆ ಇಟ್ಟು ಕಾಗದವನ್ನು ದಿನಾ ಬದಲಿಸಿ. ಚೀಟಿಯಲ್ಲಿ ಜಾಗ, ತಾರೀಖು, ತೊಟ್ಟಿನ ಬಣ್ಣ, ಪರಾಗ ಬೆರಳಿಗೆ ಹತ್ತಿತೇ ಇಲ್ಲವೇ ಬರೆಯಿರಿ. ಇನ್ನೊಂದು ಗುಚ್ಛವನ್ನು ಗಿಡದಲ್ಲೇ ಬಿಟ್ಟು, ತುಪ್ಪಳ ಹಾರುವ ಮೊದಲು ಬೀಜ ಕೂಡಿಡಿ. ಅರ್ಧವನ್ನು ಕುಂಡದಲ್ಲಿ ಬಿತ್ತಿ, ಅರ್ಧವನ್ನು ಪೊಟ್ಟಣ ಕಟ್ಟಿ ಒಣಗಿದ ಗಿಡದ ಜೊತೆಗಿಡಿ.

ಬ್ರಿಟನ್ನಿನ ಬೊಟಾನಿಕಲ್ ಸೊಸೈಟಿಯಲ್ಲಿ ಡ್ಯಾಂಡಲಿಯನ್ ನೋಡಿ ಹೇಳುವ ಪರಿಣತರಿದ್ದಾರೆ, ಒಣಗಿದ ಮೇಲೆ ಅವರಿಗೆ ಕಳಿಸಿ. ಹೊಸದೇ ಅಂತಾದರೆ, ಒಂದು ಮಾದರಿಯನ್ನು ಟೈಪ್, ಅಂದರೆ ಆ ಹೆಸರಿಗೆ ಆಧಾರದ ಮಾದರಿ, ಎಂದು ಗೊತ್ತುಮಾಡಿ ಹರ್ಬೇರಿಯಂನಲ್ಲಿಟ್ಟು ವಿವರಣೆ ಪ್ರಕಟಿಸಬೇಕು. 2012ಕ್ಕೆ ಮೊದಲು ವಿವರಣೆಗೆ ಲ್ಯಾಟಿನ್ ಕಡ್ಡಾಯವಾಗಿತ್ತು, ಈಗ ಇಂಗ್ಲಿಷ್ ಆದರೂ ನಡೆಯುತ್ತದೆ.

ಆ ಬೇಲಿ ಬುಡಕ್ಕೆ ಹುಲ್ಲು ಕತ್ತರಿಸುವ ಮೆಷಿನ್ ಹೋಗದ ಹಾಗೆ ಇವತ್ತೇ ಒಂದು ಕೋಲು ನೆಟ್ಟುಬಿಡಿ. ಕುಂಡದ ಸಸಿಗಳಲ್ಲಿ ತೊಟ್ಟು ನೇರಳೆಯೇ ಬಂತಾ ಅಂತ ಖಂಡಿತ ಬರೆಯಿರಿ, ಕಾಯುತ್ತಿರುತ್ತೇನೆ.